ಬಚ್ಚಲ ಹಿಂದಿನ ಜರೀಗಿಡ

“ಗುರುಗಳೇ, ಸೋಮಲಿಂಗನನ್ನು ವಾದ್ಯ ಊದಿಸಿಕೊಂಡು ಹೋಗಿ ಕರೆತರೋಣವೇ?” ಎಂದು ಶಿಷ್ಯ ಕೇಳಿದ. ಅವನ ಕೈಯಲ್ಲಿ ಹೊಸ ಹಾರವಿತ್ತು.

ಸೋಮಲಿಂಗ ಮಠದ ಹಿಂದಿನ ಕೋಣೆಯಲ್ಲಿ ರೋಗಿಗಳನ್ನು ನೋಡಿಕೊಳ್ಳುತ್ತಿದ್ದವನು. ಮಾತು ಕಡಿಮೆ. ಶಿಷ್ಯರೆಲ್ಲ ಸೇರಿ ಅವನನ್ನು ವೇದಿಕೆಯ ಮೇಲೆ ಕೂರಿಸಿ, ಶಾಲು ಹೊದಿಸಿ, ನಾಲ್ಕು ಮಾತಾಡು ಎಂದು ಒತ್ತಾಯಿಸಿದ್ದರು. ಮರುದಿನ ಅವನು ಮಠದಲ್ಲಿರಲಿಲ್ಲ. ಅಕ್ಕನ ಮನೆ ಸೇರಿದ್ದಾನೆಂದು ಆಮೇಲೆ ತಿಳಿಯಿತು. ಇತ್ತ ರೋಗಿಗಳು ಅವನ ದಾರಿ ನೋಡುತ್ತಿದ್ದರು. ಒಬ್ಬ ಮುದುಕ ಬೇರೆಯವರ ಕೈಯಿಂದ ಗಂಜಿ ಕುಡಿಯಲು ಒಪ್ಪುತ್ತಿರಲಿಲ್ಲ.

ಗುರುಗಳು ಹಾರವನ್ನು ನೋಡಿ ಮುಖ ಗಂಟಿಕ್ಕಿದರು. ಕೂತುಕೋ ಎಂದು ಕತೆ ಹೇಳಿದರು.

ಒಬ್ಬ ವ್ಯಾಪಾರಿಯ ಹೆಂಡತಿ ತವರಿನ ಬಾವಿಯ ಕಲ್ಲಿನ ಸಂದಿಯಿಂದ ಒಂದು ಜರೀಗಿಡ ತಂದಳು. ಕೂದಲೆಳೆಯಂಥ ಕಪ್ಪು ಕಡ್ಡಿ, ಚಿಕ್ಕ ಚಿಕ್ಕ ಎಲೆ. ಆಮೇಲೆ ಆ ಬಾವಿಯನ್ನು ಮುಚ್ಚಿಬಿಟ್ಟರು. ಅಲ್ಲಿಯದೆಂದು ಅವಳಿಗೆ ಉಳಿದದ್ದು ಅದೊಂದೇ. ಬಚ್ಚಲ ಹಿಂದಿನ ತಂಪು ನೆರಳಲ್ಲಿ ಒಡಕು ಮಡಕೆಗೆ ನೆಟ್ಟಳು. ಗಿಡ ಮಡಕೆ ತುಂಬಿತು.

ಕಾಲು ತೊಳೆಯಲು ಹೋದ ನೆಂಟನೊಬ್ಬ ಅದನ್ನು ಹೊಗಳಿದ. ವ್ಯಾಪಾರಿಗೆ ನಾಚಿಕೆಯಾಯಿತು. ಇಷ್ಟು ಚೆಲುವಾದದ್ದು ಬಚ್ಚಲ ಹಿಂದೆ ಇರುವುದೇ ಎಂದು ಹಿತ್ತಾಳೆಯ ಪಾತ್ರೆಗೆ ಹಾಕಿಸಿ, ಅಂಗಳದ ತುಳಸಿಯ ಪಕ್ಕದಲ್ಲಿಟ್ಟ. ಅದಕ್ಕೆ ಬಿಸಿಲು ಆಗದು ಎಂದಳು ಹೆಂಡತಿ. ತುಳಸಿಗೆ ಆಗುವ ಬಿಸಿಲು ಇದಕ್ಕೇಕೆ ಆಗದು ಎಂದ ಅವನು.

ಎಲೆ ಮುರುಟಿತು. ಅವನು ಕೊಡಗಟ್ಟಲೆ ನೀರು ಸುರಿದ. ಇನ್ನಷ್ಟು ಕಂದಿತು. ನೆಂಟನ ದೃಷ್ಟಿ ತಾಗಿದೆ ಎಂದು ಮೆಣಸಿನಕಾಯಿ ನಿವಾಳಿಸಿ, ಗಿಡದ ಪಕ್ಕದಲ್ಲೇ ಕೆಂಡಕ್ಕೆ ಹಾಕಿದ. ಉಳಿದ ಎಲೆಯೂ ಆ ಘಾಟಿಗೆ ಉದುರಿತು. ಸತ್ತಿತು, ಎಸೆ ಎಂದ.

ಹೆಂಡತಿ ಎಸೆಯಲಿಲ್ಲ. ಒಣಗಿದ ಕಡ್ಡಿಗಳನ್ನು ಬುಡಕ್ಕೆ ಕತ್ತರಿಸಿ, ಬೇರನ್ನು ಹಳೆಯ ಮಡಕೆಗೆ ಹಾಕಿ ಬಚ್ಚಲ ಹಿಂದೆ ಇಟ್ಟಳು. ಮಣ್ಣು ಒಣಗದಂತೆ ನೋಡಿಕೊಂಡಳು. ಬಹಳ ದಿನಗಳ ಮೇಲೆ ಸುರುಳಿ ಸುತ್ತಿದ ಚಿಗುರು ಎದ್ದಿತು.

ವ್ಯಾಪಾರಿ ಹಿತ್ತಾಳೆಯ ಪಾತ್ರೆ ಹಿಡಿದು ಬಂದ. “ನೋಡಿದೆಯಾ, ದೃಷ್ಟಿ ಹೋಯಿತು. ಇನ್ನು ಅಂಗಳಕ್ಕೆ ತರಬಹುದು.”

“ಮೊದಲು ನೀವು ಆ ಬಿಸಿಲಲ್ಲಿ ಸಂಜೆಯವರೆಗೆ ನಿಂತು ಬನ್ನಿ. ಆಮೇಲೆ ಮಾತಾಡೋಣ” ಎಂದಳು ಹೆಂಡತಿ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ತಲೆಯಾಡಿಸಿದ. “ತಿಳಿಯಿತು ಗುರುಗಳೇ. ವಾದ್ಯ ಬೇಡ. ಹಾರ ಸಾಕು.”

ಗುರುಗಳು ಅವನ ಕೈಯಿಂದ ಹಾರವನ್ನು ಕಿತ್ತುಕೊಂಡರು.

“ಮುದುಕನ ಗಂಜಿ ಆರುತ್ತಿದೆ ಎಂದಷ್ಟೇ ಹೇಳಿ ಬಾ.”