ದಾರ ಇಟ್ಟ ಪುಟ

ನದಿ ದಂಡೆಯ ಒಂದು ಮಠದಲ್ಲಿ ಪುಸ್ತಕ ಭಂಡಾರವಿತ್ತು. ಊರವರಿಗೆ ಓದಲು ಪುಸ್ತಕ ಆರಿಸಿಕೊಡುವ ಕೆಲಸ ಶಿಷ್ಯ ಗದಿಗೆಯ್ಯನದು. ಅದರಲ್ಲಿ ಅವನದು ಎತ್ತಿದ ಕೈ. ಹೋದ ಸಲ ಯಾವುದು ಹಿಡಿಸಿತು ಎಂದು ಕೇಳಿ, ಅದೇ ಬಗೆಯ ಇನ್ನೊಂದನ್ನು ತೆಗೆದುಕೊಡುತ್ತಿದ್ದ. ಬಂದವರು ಖುಷಿಯಿಂದ ಹೋಗುತ್ತಿದ್ದರು. ಅವನಿಗೆ ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಒಂದು ದಿನ ನೀಲಗಂಗವ್ವ ಎಂಬಾಕೆ ಕಾದಂಬರಿಯೊಂದನ್ನು ಅರ್ಧಕ್ಕೇ ವಾಪಸು ತಂದಳು. ಎಂಥ ದಪ್ಪ ಪುಸ್ತಕವನ್ನೂ ಪಟ್ಟು ಹಿಡಿದು ಮುಗಿಸುವ ಹೆಣ್ಣುಮಗಳು ಆಕೆ.

"ಬ್ಯಾರೇದು ಕೊಡು ತಮ್ಮಾ. ಇದು ನನಗ ಸೇರವಲ್ದು."

ಗದಿಗೆಯ್ಯ ಕಪಾಟಿನತ್ತ ತಿರುಗಿದ. ಪಕ್ಕದಲ್ಲಿ ಕೂತಿದ್ದ ಗುರುಗಳು ಆಕೆ ಗುರುತಿಗೆ ದಾರ ಇಟ್ಟಿದ್ದ ಪುಟ ಬಿಡಿಸಿ ಓದಿದರು. ಅದರಲ್ಲಿ ಅಕ್ಕನೊಬ್ಬಳು ಮಾತು ಬಿಟ್ಟ ತಂಗಿಯ ಬಾಗಿಲಿಗೆ ಬಂದು ನಿಂತಿದ್ದಳು.

ಗುರುಗಳು ದಾರವನ್ನು ಅಲ್ಲೇ ಬಿಟ್ಟು ಪುಸ್ತಕವನ್ನು ಆಕೆಯ ಕೈಗೇ ಕೊಟ್ಟರು.

"ಇದನ್ನ ಒಯ್ಯಿ, ಯವ್ವಾ."

ಮುಂದಿನ ವಾರ ಆಕೆ ಮತ್ತೆ ಬಂದಳು. ದಾರ ಅದೇ ಪುಟದಲ್ಲಿತ್ತು. ಗುರುಗಳು ಮತ್ತೆ ಅದನ್ನೇ ಆಕೆಯತ್ತ ಚಾಚಿದರು.

ನೀಲಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು. "ಅಜ್ಜಾರ, ನಮ್ಮ ಮನಿ ಜಗಳನ ನನಗ ಸಾಕಾಗೇತಿ. ತಂಗಿ ಹಾಸಿಗಿ ಹಿಡದಾಳ, ಇನ್ನ ಉಳಿಯಂಗಿಲ್ಲ ಅಂತ ಊರೆಲ್ಲಾ ಮಾತಾಡತೈತಿ. ಆದ್ರೂ ನಾ ಆಕಿ ಹೊಸ್ತಿಲ ತುಳಿಯಂಗಿಲ್ಲ. ಪುಸ್ತಕದಾಗೂ ಅದನ್ನ ಓದಬೇಕೇನು?"

ಗುರುಗಳು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ಆಕೆ ಪುಸ್ತಕ ಕಿತ್ತುಕೊಂಡು ಹೊರಟುಹೋದಳು.

ಗದಿಗೆಯ್ಯ ಕಕ್ಕಾಬಿಕ್ಕಿಯಾದ. "ಅಜ್ಜಾರ, ಆಕಿ ಇನ್ನ ಈ ಕಡೆ ಹಾಯಂಗಿಲ್ಲ. ನಗಿಸೂ ಪುಸ್ತಕ ಅಂದ್ರ ಆಕಿಗೆ ಜೀವ. ಅಂಥಾದ್ದೊಂದು ಕೊಟ್ಟಿದ್ರ ಖುಷಿ ಆಗತಿದ್ಲಲ್ರೀ?"

"ಆಗತಿದ್ಲು," ಎಂದು ಗುರುಗಳು ನದಿಗೆ ಸ್ನಾನಕ್ಕೆ ಹೋದರು.

ಖುಷಿಯಾಗುವುದಾದರೆ ಕೊಡಲಿಲ್ಲವೇಕೆ? ಗದಿಗೆಯ್ಯನಿಗೆ ತಲೆಬುಡ ತಿಳಿಯಲಿಲ್ಲ. ತನ್ನ ಕೆಲಸದ ಮೇಲೇ ಅವನಿಗೆ ನಂಬಿಕೆ ಹೋಯಿತು. ತೆಗೆದ ಪುಸ್ತಕ ಮತ್ತೆ ಒಳಗಿಟ್ಟ. ಹಾಸ್ಯ ಕೇಳಿದ ಮಾಸ್ತರರಿಗೆ ವೇದಾಂತ ಕೊಟ್ಟು ಬೈಸಿಕೊಂಡ.

ಕೆಲವು ದಿನ ಕಳೆದ ಮೇಲೆ ನೀಲಗಂಗವ್ವ ಬರಿಗೈಯಲ್ಲಿ ಬಂದಳು. ಅತ್ತು ಅತ್ತು ಕಣ್ಣು ಊದಿದ್ದವು, ಮುಖ ಮಾತ್ರ ಹಗುರಾಗಿತ್ತು.

"ಪುಸ್ತಕ ತರಾಕ ತಡಾ ಅಕ್ಕೈತಿ ತಮ್ಮಾ. ತಂಗಿ ಮಲಗಿದಲ್ಲೇ ಓದಾಕತ್ಯಾಳ. ನನಗ ಬ್ಯಾಡಾದದ್ದು ನೀನರ ಓದು ಅಂತ ಸಿಟ್ಟಿಲೆ ಒಗದು ಬರಾಕ ಹೋಗಿದ್ದೆ. ಆಕಿ ನನ್ನ ಕೈ ಬಿಡಲಿಲ್ಲ."

"ನೀವು ಮುಂದ ಓದಿದ್ರೇನ್ರೀ ಅಕ್ಕಾರ?"

"ಒಂದು ಸಾಲೂ ಇಲ್ಲ. ಬರ್ತೇನಿ, ಆಕಿಗೆ ಗಂಜಿ ಕುದಿಯಾಕ ಇಟ್ಟೇನಿ."

ಆಕೆ ಹೋದ ದಾರಿಯನ್ನೇ ಗದಿಗೆಯ್ಯ ನೋಡುತ್ತ ನಿಂತ. ಅವನ ಗೊಂದಲ ಇನ್ನಷ್ಟು ಹೆಚ್ಚಿತ್ತು. ಒಳಗೆ ಕೂತಿದ್ದ ಗುರುಗಳ ಬಳಿ ಹೋದ.

"ಅಜ್ಜಾರ, ಇದೊಂದು ಬಿಡಿಸಿ ಹೇಳ್ರಿ. ಆಕಿಗೆ ಆ ಪುಸ್ತಕ ಸೇರಿತೋ, ಇಲ್ಲೋ?"

ಗುರುಗಳೆಂದರು: "ಸೇರಿದ್ರ ಆಕಿ ಅದನ್ನ ಮನಿಯಾಗ ಕುಂತು ಓದಿ ಮುಗಿಸಿಬಿಡತಿದ್ಲು."