ಒಂದು ಬೆರಳಗಲದ ನೇಯ್ಗೆ

"ಗುರುಗಳೇ, ಎಲ್ಲಿಯೂ ಕಾಣದ ನೋವನ್ನು ನಂಬುವುದು ಹೇಗೆ?"

ಕೇಳಿದವನು ವೈದ್ಯ ಕಲಿಯಲು ಬಂದು ಐದು ವರ್ಷವಾಗಿದ್ದ ಶಿಷ್ಯ. ಈಗಷ್ಟೇ ಒಬ್ಬ ಹೆಂಗಸನ್ನು ಪರೀಕ್ಷಿಸಿ ಕಳಿಸಿದ್ದ. ಮೈಯೆಲ್ಲ ನೋವು, ವರ್ಷಗಳಿಂದ ನೋವು ಎಂದಿದ್ದಳು. ಅವನು ನಾಡಿ ಹಿಡಿದ, ನಾಲಿಗೆ ನೋಡಿದ, ಕೀಲುಗಳನ್ನು ಮಡಿಸಿ ಬಿಡಿಸಿದ. ಊತವಿಲ್ಲ, ಜ್ವರವಿಲ್ಲ, ಮೂಳೆಗಳೆಲ್ಲ ನೆಟ್ಟಗಿವೆ. "ನಿಮಗೆ ಏನೂ ಆಗಿಲ್ಲ ತಾಯಿ, ಸುಮ್ಮನೆ ಮನೆಗೆ ಹೋಗಿ" ಎಂದ. ಅವಳು ಜಗಳವಾಡಲಿಲ್ಲ. "ಆಗಲಿ ಅಪ್ಪಾ" ಎಂದು ಎದ್ದು ಹೋದಳು. ಜಗಳವಾಡಿದ್ದರೆ ಅವನಿಗೆ ಈ ಪ್ರಶ್ನೆ ಬರುತ್ತಿರಲಿಲ್ಲವೇನೋ.

ಗುರುಗಳು ಬಾಗಿಲಿಗೆ ಎದುರಾಗಿ ಕೂತು ಅಮೃತಬಳ್ಳಿ ಹೆಚ್ಚುತ್ತಿದ್ದರು. ಶಿಷ್ಯ ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಬಾಗಿಲಿನಿಂದ ನೂರು ಹೆಜ್ಜೆಗೆ ಒಂದು ಹುಣಸೆಮರ. ಅದರಾಚೆ ದಾರಿ ತಿರುಗುತ್ತದೆ. ಗುರುಗಳು ಅವನ ಹೆಗಲ ಮೇಲಿಂದ ಒಮ್ಮೆ ಹೊರಗೆ ನೋಡಿದರು. ಆಮೇಲೆ ಕತೆ ಹೇಳಿದರು.

ಒಂದು ಊರಿನಲ್ಲಿ ಸೀರೆ ನೇಯುವ ಹೆಂಗಸೊಬ್ಬಳಿದ್ದಳು. ಅವಳ ಕೈಯ ಸೀರೆ ಎಂದರೆ ವ್ಯಾಪಾರಿ ಬಿಚ್ಚಿ ನೋಡದೆ ಒಳಗಿಡುತ್ತಿದ್ದ. ಮೂವತ್ತೈದನೆಯ ವರ್ಷಕ್ಕೆ ಅವಳಿಗೆ ನೋವು ಶುರುವಾಯಿತು. ಇವತ್ತು ಹೆಗಲು, ನಾಳೆ ಸೊಂಟ, ನಾಡಿದ್ದು ಅಂಗಾಲು. ರಾತ್ರಿಯಿಡೀ ಯಾರೋ ಒನಕೆಯಲ್ಲಿ ಕುಟ್ಟಿ ಬಿಟ್ಟಂತೆ ಬೆಳಿಗ್ಗೆ ಏಳುತ್ತಿದ್ದಳು. ಮಗಳು ಬಂದು ತಬ್ಬಿಕೊಂಡರೂ ಮೈ ತಾನಾಗಿ ಹಿಂದೆ ಸರಿಯುತ್ತಿತ್ತು. ಮಗಳು ಮುಖ ಸಣ್ಣ ಮಾಡಿಕೊಂಡು ಹೋಗುತ್ತಿದ್ದಳು.

ವೈದ್ಯರ ಬಳಿ ಹೋದಳು. ಒಬ್ಬ ವಾತವೆಂದ. ಇನ್ನೊಬ್ಬ, ವಾತವೆಂದವನಿಗೆ ವೈದ್ಯವೇ ಗೊತ್ತಿಲ್ಲ, ಇದು ಪಿತ್ತ ಎಂದ. ಮತ್ತೊಬ್ಬ ನಾಡಿ ಹಿಡಿದು, "ಕುದುರೆಯಂತಿದ್ದೀಯ, ನಿನಗೇನಮ್ಮ ಧಾಡಿ?" ಎಂದ. ಮಂತ್ರ ಹಾಕುವವರು ಒಂದರ ಮೇಲೊಂದು ತಾಯಿತ ಕಟ್ಟಿದರು. ಕಡೆಗೆ ಅವುಗಳ ಭಾರಕ್ಕೇ ಕತ್ತು ನೋಯತೊಡಗಿತು.

ನೋವು ದಿನವೂ ಒಂದೇ ಸಮ ಇದ್ದಿದ್ದರೆ ಜನ ನಂಬುತ್ತಿದ್ದರೋ ಏನೋ. ಆಗೊಮ್ಮೆ ಈಗೊಮ್ಮೆ ಮೈ ಹಗುರಾಗುತ್ತಿತ್ತು. ಅಂಥ ದಿನ ಅವಳು, ಕಳೆದುಹೋದ ದಿನಗಳನ್ನೆಲ್ಲ ಹಿಡಿದು ತರುವವಳಂತೆ ಮಗ್ಗಕ್ಕೆ ಕೂರುತ್ತಿದ್ದಳು. ಹೊತ್ತು ಮುಳುಗಿದರೂ ಲಾಳಿ ನಿಲ್ಲುತ್ತಿರಲಿಲ್ಲ. ಆ ಸದ್ದಿಗೆ ಓರಗಿತ್ತಿ ಬೀದಿಗೆ ಬಂದು ನಿಲ್ಲುತ್ತಿದ್ದಳು.

"ಕೇಳಿದಿರಾ? ನಿನ್ನೆ ಚೊಂಬು ಎತ್ತಲಾರೆ ಅಂದವಳು ಇವತ್ತು ಮಗ್ಗ ಮುರಿಯೋ ಹಾಗೆ ಕುಟ್ತಿದಾಳೆ! ನೋವು ಕೂಡ ಇವಳನ್ನ ಕೇಳಿಕೊಂಡೇ ಬರುತ್ತೆ ಕಣ್ರೀ."

ನೋಯುವ ದಿನ ಅವಳ ಮಾತಿಗೆ ಸಾಕ್ಷಿ ಇರಲಿಲ್ಲ. ನೋಯದ ದಿನವೋ, ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು.

ಒಂದು ದಿನ ವ್ಯಾಪಾರಿ ಅವಳ ಸೀರೆಯನ್ನು ಬಿಚ್ಚಿ ನೋಡಿ, ಹಿಂದಕ್ಕೆ ಕೊಟ್ಟ. "ಏನಕ್ಕಾ ಇದು? ಒಂದು ಗೇಣು ಚಾಪೆ, ಒಂದು ಗೇಣು ಸೊಳ್ಳೆಪರದೆ! ಇದನ್ನ ಯಾರು ಉಟ್ಟಾರು?" ಮುಂದಿನದೂ ಹೀಗೇ ಬಂದರೆ ನೂಲು ಕೊಡುವುದಿಲ್ಲ ಎಂದ. ನೂಲು ನಿಂತರೆ ಮಗ್ಗ ಬಿಚ್ಚಬೇಕು. ಮಗ್ಗ ಬಿಚ್ಚಿದ ಮೇಲೆ ತಾನು ಯಾರು ಎಂಬುದು ಅವಳಿಗೆ ಹೊಳೆಯಲಿಲ್ಲ.

ಮೂರು ಊರಿನಾಚೆ ಮದ್ದು ಕೊಡುವ ಒಬ್ಬ ಮುದುಕಿ ಇದ್ದಾಳೆಂದು ಯಾರೋ ಹೇಳಿದರು. ಬೇರೆಯವರಿಗೆ ಒಂದು ದಿನದ ದಾರಿ. ಅವಳಿಗೆ ಮೂರು ದಿನ ಹಿಡಿಯಿತು. ಕಾಣಿಕೆ ಕೊಡಲು ಮನೆಯಲ್ಲಿ ಏನೂ ಇರಲಿಲ್ಲವಾಗಿ, ಆ ಬೇಡವಾದ ಸೀರೆಯನ್ನೇ ಕಂಕುಳಲ್ಲಿ ಇಟ್ಟುಕೊಂಡು ಹೋಗಿದ್ದಳು.

ಮುದುಕಿ ನಾಡಿ ಹಿಡಿಯಲಿಲ್ಲ. ಸೀರೆಯನ್ನು ಅಂಗಳದ ಉದ್ದಕ್ಕೂ ಹಾಸಿದಳು. ಅಂಚಿನಲ್ಲಿ ಅಲ್ಲಲ್ಲಿ ಕೆಂಪು ನೂಲಿನ ಸಣ್ಣ ಗಂಟುಗಳಿದ್ದವು.

"ಇವೇನಮ್ಮ?"

"ದಿನದ ಗಂಟು ಅಜ್ಜಿ. ಸಂಜೆ ನೇಯ್ಗೆ ನಿಲ್ಲಿಸಿದ ಕಡೆ ಒಂದು ಗಂಟು ಹಾಕೋದು ನಮ್ಮತ್ತೆ ಕಲಿಸಿದ್ದು. ವ್ಯಾಪಾರಿ ಒಪ್ಪಿದ ಮೇಲೆ ಕೀಳ್ತೀವಿ. ಇದನ್ನ ಅವನು ಒಪ್ಪಲೇ ಇಲ್ಲ."

ಮುದುಕಿ ಮಂಡಿಯೂರಿ ಕೂತಳು. ಕಣ್ಣು ಮುಚ್ಚಿದಳು. ಅಂಗೈಯನ್ನು ಬಟ್ಟೆಯ ಮೇಲಿಟ್ಟು ಗಂಟಿನಿಂದ ಗಂಟಿಗೆ ಸರಿಯತೊಡಗಿದಳು.

"ಇಲ್ಲಿ ಮೂರು ಗೇಣು. ಹಲಗೆಯ ಹಾಗೆ ಬಿಗಿ. ಈ ದಿನ ನಿನ್ನ ಮೈ ಹಗುರಾಗಿತ್ತು." ಕೈ ಮುಂದೆ ಸರಿಯಿತು. "ಮಾರನೆಯ ದಿನ ಅರ್ಧ ಗೇಣು. ಎಳೆಗಳು ಬಿಟ್ಟುಕೊಂಡಿವೆ. ಎಳೆ ಕೂಡಿಸುವ ಹಣಿಗೆಯನ್ನು ಎಳೆದು ಒತ್ತಲು ತೋಳಿನಲ್ಲಿ ಬಲವಿಲ್ಲ. ಅದರ ಮಾರನೆಯ ದಿನ ಇನ್ನೂ ಕಡಿಮೆ. ಇಲ್ಲಿ ಬಲಗೈ ಸೋತು ಎಡಗೈಯಲ್ಲೇ ಒತ್ತಿದ್ದೀಯ; ಎಡದಂಚು ಬಿಗಿ, ಬಲದಂಚು ಸಡಿಲ."

ನೇಯುವವಳು ಹತ್ತಿರ ಸರಿದು ಕೂತಳು. ಯಾರಿಗೂ ಹೇಳದೆ ನುಂಗಿದ ದಿನಗಳನ್ನು ಈ ಮುದುಕಿ ಬಟ್ಟೆಯೊಳಗಿಂದ ಒಂದೊಂದಾಗಿ ಎತ್ತಿ ಬಿಸಿಲಿಗಿಡುತ್ತಿದ್ದಳು. ಅಷ್ಟೂ ದಿನಗಳು ಅಲ್ಲೇ ಇದ್ದವು. ತನ್ನ ಕೈಯೇ ಅವನ್ನು ಬರೆದಿತ್ತು. ತನಗೇ ಗೊತ್ತಿರಲಿಲ್ಲ.

ಸೀರೆಯ ನಡುವೆ ಮುದುಕಿಯ ಕೈ ನಿಂತಿತು. ಎರಡು ಗಂಟುಗಳ ನಡುವೆ ಒಂದೇ ಒಂದು ಬೆರಳಿನ ಅಗಲ.

"ಈ ದಿನ?"

"ಆವತ್ತು ಏಳೋಕೇ ಆಗಲಿಲ್ಲ. ಮಧ್ಯಾಹ್ನ ತೆವಳಿಕೊಂಡು ಬಂದು ಕೂತೆ. ಮಗ್ಗ ಒಂದು ದಿನ ಸುಮ್ಮನಿದ್ದರೆ ನಾಳೆ ಬಿಚ್ಚಿಬಿಡ್ತಾರೆ ಅನ್ನಿಸ್ತು ಅಜ್ಜಿ."

ಮುದುಕಿ ಬಾಗಿ, ಆ ಒಂದು ಬೆರಳಗಲವನ್ನು ಎತ್ತಿ ಎರಡೂ ಕಣ್ಣಿಗೆ ಒತ್ತಿಕೊಂಡಳು, ದೇವರ ಪ್ರಸಾದವನ್ನು ಒತ್ತಿಕೊಳ್ಳುವ ಹಾಗೆ.

ಅಷ್ಟು ವೈದ್ಯರ ಮುಂದೆ ಅಳದಿದ್ದವಳು ಆಗ ಅತ್ತಳು.

ಅಳು ನಿಂತ ಮೇಲೆ ಮುದುಕಿ ಹೇಳಿದಳು: "ಈ ನೋವನ್ನ ಕಿತ್ತು ತೆಗೆಯೋ ಬೇರು ನನ್ನ ಹತ್ತಿರ ಇಲ್ಲ. ಇದೆ ಅನ್ನುವವರ ಮನೆಗೆ ಹೋಗಬೇಡ. ಆದರೆ ನಿನ್ನ ಸೀರೆ ಏನು ಹೇಳುತ್ತೆ ಕೇಳು. ಮೂರು ಗೇಣಿನ ದಿನ ಬಂದಾಗಲೆಲ್ಲ ಅದರ ಹಿಂದೆಯೇ ನೀನು ನೋವಿಗೆ ಬಿದ್ದ ದಿನಗಳಿವೆ. ಒಂದು ಸಲವೂ ತಪ್ಪಿಲ್ಲ. ಇನ್ನು ಮೇಲೆ ಎಷ್ಟೇ ಹಗುರಾಗಿರಲಿ, ಒಂದು ಗೇಣಿಗೆ ಎದ್ದುಬಿಡು. ಕೈಯಲ್ಲಿ ಇನ್ನೂ ಬಲ ಇರುವಾಗಲೇ ಏಳು. ಬಿದ್ದ ದಿನ ನಾಲ್ಕು ಬೆರಳು ನೇಯ್ದು ಮಲಗು. ಎಳೆಬಿಸಿಲಲ್ಲಿ ಕೆರೆಯವರೆಗೆ ನಿಧಾನ ನಡೆ. ಬಿಸಿನೀರು ಹಾಕಿಕೋ. ದೀಪ ಹಚ್ಚಿದ ಮೇಲೆ ಲಾಳಿ ಮುಟ್ಟಬೇಡ."

"ಚೆನ್ನಾಗಿರೋ ದಿನ ಎದ್ದುಬಿಟ್ಟರೆ ಜನ ಏನಂತಾರೆ ಅಜ್ಜಿ?"

"ಅನ್ನುವವರು ಬಂದು ಉಳಿದ ಎರಡು ಗೇಣು ನೇಯ್ದುಕೊಡಲಿ."

ಆವರೆಗೆ ಕುಡಿದ ಕಷಾಯಗಳಿಗೆಲ್ಲ ಇಷ್ಟು ಕಹಿ ಇರಲಿಲ್ಲ. ಲಾಳಿ ತಾನಾಗಿ ಓಡುತ್ತಿರುವಾಗ ಏಳುವುದು ಎಂದರೆ, ಹಸಿದವಳು ಎಲೆಯ ಮುಂದಿನಿಂದ ಏಳುವ ಹಾಗೆ. ಮೊದಲ ತಿಂಗಳು ಎರಡು ಸಲ ಆಸೆಗೆ ಬಿದ್ದು ಎರಡೆರಡು ಗೇಣು ನೇಯ್ದಳು. ಎರಡು ಸಲವೂ ಹಾಸಿಗೆ ಹಿಡಿದಳು. ಆಮೇಲೆ ತನ್ನನ್ನು ತಾನು ನಂಬುವುದು ಬಿಟ್ಟು, ಗೇಣು ಅಳೆಯಲು ಓರಗಿತ್ತಿಯನ್ನೇ ಕರೆದಳು. ತಪ್ಪು ಹಿಡಿಯುವುದರಲ್ಲಿ ಓರಗಿತ್ತಿಗಿದ್ದ ನಿಷ್ಠೆ ಊರಲ್ಲಿ ಮತ್ತಾರಿಗೂ ಇರಲಿಲ್ಲ. "ಸಾಕು, ಏಳೇ! ಇನ್ನೊಂದು ಎಳೆ ಹಾಕಿದರೆ ಕೈ ಕಟ್ತೀನಿ" ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ದಿನವೂ ಹತ್ತಿರ ಕೂತು ಅಳೆಯುತ್ತ ಅಳೆಯುತ್ತ, ಬಿದ್ದ ದಿನ ಹಣಿಗೆ ಹಿಡಿದ ಬೆರಳುಗಳು ಹೇಗೆ ನಡುಗುತ್ತವೆ ಎಂಬುದನ್ನೂ ಕಂಡಳು. ಬೀದಿಗೆ ಬಂದು ಆಡುತ್ತಿದ್ದ ಹಳೆಯ ಮಾತನ್ನು ಮತ್ತೆ ಆಡಲಿಲ್ಲ.

ಸೀರೆ ಮುಗಿಯಿತು. ಹಿಂದಿನದಕ್ಕಿಂತ ಎರಡು ದಿನ ಮೊದಲೇ ಮುಗಿಯಿತು.

ವ್ಯಾಪಾರಿ ಈ ಸಲ ಅದನ್ನು ಪೂರ್ತಿ ಬಿಚ್ಚಿದ. ಸೆರಗಿನಿಂದ ಕೊನೆಯವರೆಗೆ ಕೈಯಾಡಿಸಿದ. ಬೆರಳು ಎಲ್ಲಿಯೂ ಎಡವಲಿಲ್ಲ.

"ಇದು ನಿನ್ನ ಹಳೇ ಕೈ! ಅಂತೂ ನೋವು ಹೋಯಿತು ಅನ್ನಕ್ಕಾ."

"ಎಲ್ಲಿಗೆ ಹೋಗುತ್ತೆ? ಮನೇಲೇ ಇದೆ. ಮಗ್ಗದ ಮೇಲೆ ಮಾತ್ರ ಕೂರೋಕೆ ಬಿಡಲ್ಲ."

ಮನೆಗೆ ಬಂದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ತಬ್ಬಲಿಲ್ಲ. ತಾಯಿಯ ಅಂಗೈಗೆ ಬೆರಳ ತುದಿ ತಾಗಿಸಿ, ಇವತ್ತು ಎಷ್ಟು ನೋಯುತ್ತಿದೆ ಎಂದು ಕೇಳಿದಳು.

ಗುರುಗಳು ಹೆಚ್ಚಿದ ಬಳ್ಳಿಯನ್ನು ಮೊರಕ್ಕೆ ಸುರಿದರು. ಕತೆಯುದ್ದಕ್ಕೂ ಅವರ ಕಣ್ಣು ಹೊರಗೆ ಹೋಗಿ ಬರುತ್ತಲೇ ಇತ್ತು.

"ಆ ಮುದುಕಿಗಾದರೆ ಸೀರೆ ಸಿಕ್ಕಿತು ಗುರುಗಳೇ" ಎಂದ ಶಿಷ್ಯ. "ನನ್ನ ಹತ್ತಿರ ಬಂದವಳು ಬರಿಗೈಯಲ್ಲಿ ಬಂದಿದ್ದಳು. ನಾನು ಏನನ್ನು ನೋಡಬೇಕಿತ್ತು?"

ಗುರುಗಳು ಅವನ ಬೆನ್ನ ಹಿಂದಿನ ಬಾಗಿಲನ್ನು ಗಲ್ಲದಿಂದಲೇ ತೋರಿಸಿದರು.

"ತಿರುಗಿ ನೋಡು, ಇಷ್ಟು ದೊಡ್ಡ ಕತೆ ಮುಗಿದರೂ ಅವಳಿನ್ನೂ ನಮ್ಮ ಹುಣಸೆಮರ ದಾಟಿಲ್ಲ."