ಹೇಸರಗತ್ತೆ ದಿನ್ನಿ

ಸವದತ್ತಿ ಕಡೆಯಿಂದ ಕರಡಿಹಾಳಕ್ಕ ಬರೋ ಬಸ್ಸು ಕೆರಿ ದಾಟಿದ ಮ್ಯಾಲ ಒಂದು ಬೋಳು ದಿನ್ನಿ ಹತ್ರ ನಿಲ್ತೈತಿ. "ಹೇಸರಗತ್ತೆ ದಿನ್ನಿ ಇಳಿಯೋರು ಮುಂದ ಬರ್ರಿ" ಅಂತ ಕಂಡಕ್ಟರ್ ಕೂಗಿದ ಕೂಡ್ಲೆ ಹೊಸಬರು ಕಿಸಕ್ಕಂತ ನಗತಾರ. ಇಳಿಯೋರು ನಗಂಗಿಲ್ಲ. ದಿನ್ನಿ ಮ್ಯಾಲ ಗಿಡ ಇಲ್ಲ, ಗುಡಿ ಇಲ್ಲ, ಕುಂದ್ರಾಕ ಒಂದು ಕಟ್ಟಿ ಸುದ್ದಾ ಇಲ್ಲ. ಎದಿಮಟ ಎತ್ತರದ ಒಂದು ಕರಿಕಲ್ಲು ಊರಿನ ಕಡೆ ಮುಖ ಮಾಡಿ ನಿಂತೈತಿ. ಅದರಾಗ ಕೈಯಾಗ ಹಗ್ಗ ಹಿಡಿದ ಒಬ್ಬ ಮನುಷ್ಯ, ಅವನ ಹಿಂದ ಎರಡೂ ಪಕ್ಕೆಗೆ ನೀರಿನ ತೊಗಲಚೀಲ, ಪಖಾಲಿ, ಹೊತ್ತ ಒಂದು ಹೇಸರಗತ್ತೆ. ಮೂರು ತಾಲ್ಲೂಕು ತಿರುಗಿದ್ರೂ ಇಂಥ ವೀರಗಲ್ಲು ಇನ್ನೊಂದು ಸಿಗೂದಿಲ್ಲ ಅಂತಾರ. ಮೂರಲ್ಲ, ಮೂವತ್ತು ಅಂದ್ರೂ ನಡೀತೈತಿ.

ಹಿಂದೊಮ್ಮೆ, ಮೊದಲನೇ ಜರ್ಮನ್ ಯುದ್ಧದ ಕಾಲಕ್ಕ, ಈ ಊರಿನ ದುಂಡಪ್ಪ ಅನ್ನಾಂವ ಪಲ್ಟಣಕ್ಕ ಸೇರಿದ. ಬಂದೂಕು ಹಿಡಿಯಾಕಲ್ಲ, ಹೇಸರಗತ್ತೆ ಹೊಡಿಯಾಕ. ದನಕರ ಅಂದ್ರ ಅವನ ಜೀವ. ಅಂವ ಒಂದು ಸಿಳ್ಳೆ ಹಾಕಿದ್ರ ಮೂರು ಊರಿನ ಎತ್ತು ನೊಗ ಕೊಡವಿ ಓಡಿ ಬರ್ತಿದ್ವಂತ. ಹಡಗು ಹತ್ತಿ ಬಸ್ರಾಕ್ಕ ಹೋದ. ಮಗಳು ಬಾಳವ್ವಗ ಆಗ ಐದು ವರ್ಷ. ಎರಡು ವರ್ಷಕ್ಕ ಒಂದು ಕಾಗದ ಬಂತು, ಅದರ ಹಿಂದ ಅವನ ಹೆಸರು ಕೊರೆದ ಒಂದು ಕಂಚಿನ ಬಿಲ್ಲೆ ಬಂತು. ಹೆಣ ಬರಲಿಲ್ಲ. ಹೆಣ ಕಾಣದ ಹೆಂಡ್ತಿ ಬಳಿ ಒಡಿಯಾಕ ಒಪ್ಪಲಿಲ್ಲ. ಸಾಯೂತನಕ ಬಾಗಿಲ ಕಡೆ ಮುಖ ಮಾಡಿ ಉಂಡ್ಲು.

ಕರಡಿಹಾಳದಾಗ ಒಂದು ಪದ್ಧತಿ. ಕೆರಿ ಏರಿ ಮ್ಯಾಲ ಆಗ ಹನ್ನೊಂದು ವೀರಗಲ್ಲು ಸಾಲಾಗಿ ನಿಂತಿದ್ವು. ಮಹಾನವಮಿ ದಿವಸ ಆ ವಂಶದವರು ತಮ್ಮ ತಮ್ಮ ಕಲ್ಲಿಗೆ ಕೊಡ ನೀರು ಹಾಕಿ ತೊಳೆದು, ಸತ್ತಾಂವನ ಹೆಸರು, ಯಾವ ರಣದಾಗ ಬಿದ್ದ, ಎಷ್ಟು ಮಂದೀನ ಕಡಿದ ಅಂತ ಗಟ್ಟಿಯಾಗಿ ಕೂಗಬೇಕು. ಕೂಗಿದ್ರ ಅವನ ಜೀವ ಒಂದು ವರ್ಷ ತಣ್ಣಗ ಇರ್ತೈತಿ. ಕೂಗದಿದ್ರ ಊರ ಸೀಮಿ ಹೊರಗ ಬಾಯಾರಿ ನಿಂತಿರ್ತೈತಿ. ಸಣ್ಣಾಕಿ ಇದ್ದಾಗ ಬಾಳವ್ವ ವರ್ಷಾ ವರ್ಷಾ ಕೊಡ ತುಂಬಿಕೊಂಡು ಏರಿಗೆ ಹೋಗಾಕಿ. ಹಾಕಾಕ ಕಲ್ಲಿಲ್ಲ. ತುಂಬಿದ ಕೊಡ ಹಂಗ ಹೊತ್ತು ಮನಿಗೆ ಬರಾಕಿ. ಅಪ್ಪಗ ಒಂದು ಕಲ್ಲು ಆಗಬೇಕು, ಆ ಸಾಲಿನಾಗ ನಿಂದ್ರಬೇಕು: ಅಕಿಗೆ ಬ್ಯಾರೆ ಆಸೆ ಅಂತ ಒಂದೂ ಇರಲಿಲ್ಲ.

ಅಕಿ ತಲಿ ಅರ್ಧ ಬೆಳ್ಳಗಾದ ಮ್ಯಾಲ, ಎರಡನೇ ಯುದ್ಧವೂ ಮುಗಿದಿತ್ತು, ಆವಾಗ ರಾಣೋಜಿ ಅಂತ ಒಬ್ಬ ಕುಂಟ ಸಿಪಾಯಿ ಅಕಿ ಮನಿ ಹುಡಕ್ಕೊಂಡು ಬಂದ. ಬಸ್ರಾದ ಆಚಿ ಮರಳಿನಾಗ ದುಂಡಪ್ಪನ ಜೋಡಿ ಇದ್ದಾಂವ. ಪಲ್ಟಣ ತಗ್ಗಿನಾಗ ಸಿಕ್ಕೊಂಡಿತ್ತು, ಮೂರು ದಿನ ನೀರಿಲ್ಲ, ಮಂದಿ ಬೂಟಿನ ತೊಗಲು ಚೀಪತಿದ್ರು ಅಂತ ಹೇಳಿದ. ಗುಂಡಿನ ನಡುವ ಹೊಳಿಗೆ ಹೋಗಿ ದುಂಡಪ್ಪ ಎಂಟು ಸಲ ಪಖಾಲಿ ತುಂಬಿ ತಂದ. ಒಂಬತ್ತನೇ ಸಲ ಹೇಸರಗತ್ತೆ ಅಷ್ಟ ಬಂತು, ದುಂಡಪ್ಪ ಬರಲಿಲ್ಲ. ಹನಿ ನೀರು ಚೆಲ್ಲಿರಲಿಲ್ಲ. ಇನ್ನೂರು ಮಂದಿ ಕುಡಿದ್ರು ಅಂತ ರಾಣೋಜಿ ಲೆಕ್ಕ. ಊರಾಗ ಅದು ಎರಡು ಸಾವಿರ ಆಗೇತಿ. ಆ ಪ್ರಾಣಿ ಮಾತ್ರ ಒಂದು ಗುಟುಕು ಕುಡೀಲಿಲ್ಲ. ಹಗ್ಗ ಹರಕೊಂಡು ಕರಡಿಹಾಳದ ದಾರಿ ಹಿಡೀತು, ಸಮುದ್ರ ಅಡ್ಡ ಬಂತು ಅಂತ ನಿಂತಿತು, ಇಲ್ಲಾಂದ್ರ ಬಂದು ಬಾಗಿಲ ಮುಂದ ನಿಲ್ತಿತ್ತು ಅಂತಾರ.

ಬಾಳವ್ವ ಕೊರಳಾಗಿನ ಬೋರಮಾಳ ಕಳದು ಕಲ್ಲುಕುಟಿಗ ಮೋನಪ್ಪನ ಮುಂದ ಇಟ್ಲು. ತಲವಾರ ಕೊರೀಲೋ, ಬಂದೂಕೋ ಅಂತ ಅಂವ ಕೇಳಿದ. ಹಗ್ಗ ಕೊರಿ ಅಂದ್ಲು, ಹಿಂದ ಹೇಸರಗತ್ತೆ. ವೀರಗಲ್ಲಿಗೆ ಮೂರು ಅಂತಸ್ತು: ಕೆಳಗ ರಣ, ನಡುವ ಅಪ್ಸರೇರು ಹೊತ್ತೊಯ್ಯೂದು, ಮ್ಯಾಲ ಕೈಲಾಸ. ಮೂರರಾಗೂ ಹೇಸರಗತ್ತೆ ಇರ್ಲಿ ಅಂತ ಅಕಿ ಹಟ. ಮೋನಪ್ಪ ಉಳಿ ಕೆಳಗಿಟ್ಟ.

"ಅಲ್ಲಬೇ ಅಕ್ಕಾ, ಕೈಲಾಸದಾಗ ಇದನ್ನ ನಿಂದ್ರಿಸಿದ್ರ ಶಿವನ ಮುಂದಿನ ಬಸವಣ್ಣ ಏನಂದಾನು?"

"ಏನಂತಾನ? ಪಾಪ ದಣದು ಬಂದೈತಿ ಅಂತ ಒಂದೀಟು ಸರದು ನಿಲ್ತಾನ."

ಕಲ್ಲು ಆತು. ಗಾಡಿ ಮ್ಯಾಲ ಏರಿಗೆ ಬಂತು. ಅಲ್ಲಿ ಹಿರಿಯರು ಅಡ್ಡ ನಿಂತ್ರು. ಊರ ಸೀಮಿಯಾಗ ಹಳೇ ರಾಜರ ಕಾಲದ ಇನ್ನೊಂದು ಕಲ್ಲೈತಿ, ದಾನ ಕೊಟ್ಟ ಭೂಮಿ ಕಸಗೊಂಡವರಿಗೆ ಶಾಪ ಅಂತ ಅದರ ಮ್ಯಾಲ ಕತ್ತೆ ಕೊರದಾರ. ಅದನ್ನ ಯಾರೂ ಮುಟ್ಟಂಗಿಲ್ಲ, ಅದರ ನೆರಳಿಗೂ ದನ ಕಟ್ಟಂಗಿಲ್ಲ. ಕತ್ತೆ ಇದ್ದ ಕಲ್ಲು ಶಾಪದ ಕಲ್ಲು, ಏರಿ ಮ್ಯಾಲ ನಿಂದ್ರಿಸಿದ್ರ ಕೆರಿ ಬತ್ತೈತಿ ಅಂತ ಎಲ್ಲಾರೂ ಕೂಗಾಡಿದ್ರು. ಅದು ಕತ್ತೆ ಅಲ್ಲ, ಹೇಸರಗತ್ತೆ ಅಂತ ಬಾಳವ್ವ ಹೇಳಿ ಹೇಳಿ ದಣದ್ಲು. ಕಿವಿ ಅಷ್ಟುದ್ದ ಐತಲ್ಲ ಅಂತ ಒಬ್ಬ ಗೇಣಿನಿಂದ ಅಳದು ತೋರ್ಸಿದ. ಊರಗೌಡ ರಾಚನಗೌಡ ಕೆಟ್ಟಾಂವಲ್ಲ. ಬರ್ಮಾದ ಯುದ್ಧಕ್ಕ ಹೋಗಿ ಸತ್ತ ತನ್ನ ಮಗ ಈರನಗೌಡನ ಕಲ್ಲನ್ನ ಹೋದ ವರ್ಷಷ್ಟ ಆ ಸಾಲಿನ ತುದಿಗೆ ನಿಲ್ಲಿಸಿದ್ದ, ಕೈಯಾಗ ತಲವಾರ ಕೊರಿಸಿ.

"ಬಾಳವ್ವ," ಅಂದ ಮೆಲ್ಲಕ, "ಆ ಪ್ರಾಣಿ ಅಷ್ಟು ಅಳಿಸಿಬಿಡು. ಕೈಯಾಗ ಒಂದು ತಲವಾರ ಕೊರಿಸು. ನಾಳೆ ನವಮಿಗೆ ನಾನ ಮುಂದ ನಿಂತು ಪೂಜಿ ಮಾಡಸ್ತೀನಿ."

ಮೂವತ್ತು ವರ್ಷ ಕಾಯ್ದ ಸಾಲು ಹತ್ತು ಹೆಜ್ಜಿ ಮುಂದಿತ್ತು. ಬಾಳವ್ವ ಹೂಂ ಅಂದ್ಲು. ಮೋನಪ್ಪ ಅಲ್ಲೇ ಗಾಡಿ ಮ್ಯಾಲ ಹತ್ತಿ ಹೇಸರಗತ್ತೆ ಕಣ್ಣಿನ ಮ್ಯಾಲ ಉಳಿ ಇಟ್ಟ. ಸುತ್ತಿಗಿ ಎತ್ತಿದ. ಅಪ್ಪ ಹೆಂಗ ಬಿದ್ದ, ಬೀಳೂ ಮುಂದ ಯಾರ ಹೆಸರು ತಗೊಂಡ, ರಾಣೋಜಿಗೂ ಗೊತ್ತಿರಲಿಲ್ಲ. ಸುತ್ತಿಗಿ ಇಳಿಯೂದ್ರಾಗ ಬಾಳವ್ವ ಕಲ್ಲಿಗೆ ತನ್ನ ಅಂಗೈ ಅಡ್ಡ ಇಟ್ಲು.

"ಬ್ಯಾಡ. ಅಪ್ಪ ಸಾಯೂದನ್ನ ನೋಡಿದ ಕಣ್ಣು ಅದೊಂದ," ಅಂದ್ಲು. "ಅದನ್ನ ಅಳಿಸಿದ್ರ ಅಲ್ಲಿ ಅವನ ಜೋಡಿ ಯಾರೂ ಇರಲಿಲ್ಲ ಅಂತ ಆಗ್ತೈತಿ."

ಗಾಡಿ ಹೊಳ್ಳಿತು. ಯಾರ ಹೊಲವೂ ಅಲ್ಲದ ಈ ಬೋಳು ದಿನ್ನಿಗೆ ಏರ್ತು. ಎಂಟು ಎತ್ತು ಎಳೀಲಾರದ ಕಲ್ಲು, ದಿನ್ನಿ ಬುಡಕ್ಕ ಬಂದ ಕೂಡ್ಲೆ ಹತ್ತಿ ಅರಳಿಯಂಗ ಹಗುರ ಆತಂತ. ಇರಬೇಕು, ಇಲ್ಲಾಂದ್ರ ಒಬ್ಬ ಕುಂಟ ರಾಣೋಜಿ, ಒಬ್ಬ ಮುದುಕ ಮೋನಪ್ಪ, ಒಬ್ಬಾಕಿ ಹೆಣ್ಣಮಗಳು ಕೂಡಿ ಅದನ್ನ ಹೆಂಗ ನಿಲ್ಲಿಸ್ತಾರ?

ಮರುದಿನ ನವಮಿ. ಏರಿ ಮ್ಯಾಲ ಊರೆಲ್ಲಾ ನೆರೆದಿತ್ತು. ಈರನಗೌಡಂದೂ ಕೂಡಿ ಹನ್ನೆರಡು ಕಲ್ಲಿಗೆ ನೀರು ಬಿತ್ತು, ಇಷ್ಟು ಮಂದೀನ ಕಡಿದಾಂವ, ಅಷ್ಟು ಮಂದೀನ ಕಡಿದಾಂವ ಅಂತ ಕೂಗು ಮುಗೀತು. ಆಮ್ಯಾಲ ದಿನ್ನಿ ಮ್ಯಾಲಿಂದ ಒಂದು ಹೆಣ್ಣಿನ ದನಿ ಬಂತು. "ನಮ್ಮಪ್ಪ ದುಂಡಪ್ಪ. ಬಸ್ರಾದ ಆಚಿ ಬಿದ್ದ. ಯಾರನ್ನೂ ಕಡೀಲಿಲ್ಲ. ಇನ್ನೂರು ಮಂದಿಗೆ ನೀರು ಕುಡಿಸಿದ." ಅಷ್ಟ. ಕೆಳಗ ಎಲ್ಲಾರೂ ದಿನ್ನಿ ಕಡೆ ಹೊಳ್ಳಿದ್ರು. ಕೆರಿಯಾಗಿನ ಕೊಕ್ಕರೆ ಸುದ್ದಾ ಒಂದು ಕಾಲು ಎತ್ತಿದ್ದು ಎತ್ತಿದಂಗ ನಿಂತಿದ್ವಂತ.

ಬಾಳವ್ವ ಕೊಡ ಬರಿದು ಮಾಡಿ ಕಲ್ಲಿಗೆ ಬೆನ್ನು ಹಚ್ಚಿ ಕುಂತಿದ್ಲು. ರಾಚನಗೌಡ ಒಬ್ಬನ ದಿನ್ನಿ ಏರಿ ಬಂದ. ರುಮಾಲು ಕೈಯಾಗಿತ್ತು. ಬೈತಾನ, ಕಲ್ಲು ಕೀಳಸ್ತಾನ ಅಂತ ಅಕಿ ಎದ್ದು ನಿಂತ್ಲು. ಅಂವ ಅಲ್ಲೇ ಬಿದ್ದಿದ್ದ ಒಂದು ಕಾಡುಗಲ್ಲು ಎತ್ತಿ, ಕರಿಕಲ್ಲಿನ ಪಕ್ಕಕ್ಕ ಮಣ್ಣಾಗ ಊರಿ, ಮ್ಯಾಲ ಕೈ ಇಟ್ಟ.

"ನನ್ನ ಮಗ ಈರನಗೌಡ," ಅಂದ. ಮತ್ತೊಮ್ಮೆ ಗಟ್ಟಿಯಾಗಿ ಅಂದ. "ನನ್ನ ಮಗ ಈರನಗೌಡ. ತಲವಾರ ಹಿಡೀಲಿಲ್ಲ. ರಣಾನೂ ನೋಡಲಿಲ್ಲ. ದವಾಖಾನಿ ಡೇರೆದಾಗ ಜ್ವರ ಬಂದು ಸತ್ತ. ಅವ್ವನ್ನ ಕರದನಂತ."

ಬಾಳವ್ವ ಅವನ ಪಕ್ಕಕ್ಕ ಕುಂತ್ಲು. ಇಬ್ಬರೂ ಬಿಸಿಲು ಏರೂತನಕ ಕುಂತಿದ್ರು ಅಂತಾರ.

ಈಗ ಕರಿಕಲ್ಲಿನ ಸುತ್ತ ಅಂಥಾ ಕಾಡುಗಲ್ಲು ಮೂವತ್ತು ಮ್ಯಾಲ ಅದಾವು. ಯಾವುದರ ಮ್ಯಾಲೂ ಚಿತ್ರ ಇಲ್ಲ, ಅಕ್ಷರ ಇಲ್ಲ. ನವಮಿ ದಿವಸ ಮಕ್ಕಳು, ಮೊಮ್ಮಕ್ಕಳು, ಮರಿಮೊಮ್ಮಕ್ಕಳು ಏರಿ ಪೂಜಿ ಮುಗಿಸಿ ಇಲ್ಲಿಗೆ ಬರ್ತಾರ. ನಮ್ಮಜ್ಜ ಪಲ್ಟಣಕ್ಕ ರೊಟ್ಟಿ ಬಡೀತಿದ್ದ, ನಮ್ಮಪ್ಪ ಲಾರಿ ಹೊಡಿತಿದ್ದ, ನಮ್ಮ ಮುತ್ಯಾ ಬೂಟು ಹೊಲಿತಿದ್ದ, ಹಡಗು ಮುಳುಗಿ ಹೋದ: ಇದ್ದದ್ದನ್ನ ಇದ್ದಂಗ ಕೂಗತಾರ. ಒಂದು ಕಲ್ಲಿನ ಮನಿತನ ಉಳಿದಿಲ್ಲ. ಅಂವ ಯಾರು, ಎಲ್ಲಿ ಬಿದ್ದ, ಏನು ಕೆಲಸ ಮಾಡ್ತಿದ್ದ, ಹೇಳೋರು ಯಾರೂ ಇಲ್ಲ. ಅದಕ್ಕೂ ಒಬ್ಬರು ನೀರು ಹಾಕತಾರ. ಹಾಕಿ, ಒಂದು ಹೆಸರು ಕೂಗುವಷ್ಟು ಹೊತ್ತು ಎಲ್ಲಾರೂ ಸುಮ್ಮನ ನಿಲ್ತಾರ.